ಅಂಗೈಯ ಪಾಯಸ, ಅಂಗಾಲಿನ ಕೆಂಡ

ನನ್ನ ಕಾಲು ಸುಡುತ್ತಿರುವುದು ನನಗೆ ಗೊತ್ತಾದದ್ದು ಮೂಗಿನಿಂದ.

ಬಾಯಾರಿನ ಹತ್ತಿರ ಒಂದು ಹೊಸ ಮನೆಯ ಒಕ್ಕಲಿನ ಊಟ. ಬೆಳಗಿನ ಹನ್ನೊಂದು ಗಂಟೆಯಾಗಿರಬೇಕು. ಮೂರು ಒಲೆಗಳು ಭರ್ಜರಿಯಾಗಿ ಉರಿಯುತ್ತಿದ್ದವು. ನಾನು ದೊಡ್ಡ ಕಂಚಿನ ಉರುಳಿಯ ಎದುರು ನಿಂತು ಕಡ್ಲೆಬೇಳೆ ಪಾಯಸ ತಿರುವುತ್ತಿದ್ದೆ. ಏನೋ ಸೀದ ವಾಸನೆ ಬಂತು. ಮೂವತ್ತು ವರ್ಷದಿಂದ ಊಟದ ಅಡಿಗೆ ಮಾಡಿಕೊಂಡು ಬಂದವನ ಮೂಗು ಇದು, ಸೀದ ಬೇಳೆ ಯಾವುದು, ಸೀದ ಬೆಲ್ಲ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತದೆ. ಈ ವಾಸನೆ ಎರಡೂ ಅಲ್ಲ.

“ಎಂತ ಮಾರಾಯ ಈಶ್ವರ, ಎಂತ ಸುಟ್ಟು ಹಾಕಿದೆ?” ಎಂದು ಕೂಗಿದೆ.

ಈಶ್ವರ ನನ್ನ ಜೊತೆಗಾರ. ಹದಿನೈದು ವರ್ಷದಿಂದ ನಾವಿಬ್ಬರೂ ಒಟ್ಟಿಗೆ ಊಟದ ಅಡಿಗೆಗೆ ಹೋಗುವವರು. ಅವನು ಮೂಲೆಯಲ್ಲಿ ಕುಳಿತು ಅನಾನಸು ಹೆಚ್ಚುತ್ತಿದ್ದ. ತಲೆ ಎತ್ತಿ ನನ್ನ ಮುಖ ನೋಡಿದ, ಆಮೇಲೆ ಕೆಳಗೆ ನೋಡಿದ, ಕತ್ತಿ ಬಿಟ್ಟು ಎದ್ದೇಬಿಟ್ಟ.

“ಗಣಪಣ್ಣ, ಕಾಲು ತೆಗೀರಿ! ಕೆಂಡದ ಮೇಲೆ ನಿಂತಿದ್ದೀರಿ!”

ನೋಡಿದರೆ ಹೌದು. ಒಲೆಯಿಂದ ಉರುಳಿದ ಕೆಂಡವೊಂದು ನನ್ನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಅಂಟಿಕೊಂಡಿತ್ತು. ಕಾಲು ಎತ್ತಿದೆ. ಚರ್ಮ ಕಪ್ಪಾಗಿ ಸುಲಿದಿತ್ತು. ನೋವು? ಇಲ್ಲ. ಸೊಳ್ಳೆ ಕಚ್ಚಿದಷ್ಟೂ ಇಲ್ಲ.

ಈಗ ನೆನೆದರೆ ನನಗೆ ನಾಚಿಕೆಯಾಗುವುದು ಮುಂದಿನ ಮಾತಿಗೆ. ನಾನು ಹೆದರಬೇಕಿತ್ತಲ್ಲ? ಹೆದರಲಿಲ್ಲ. ಒಂದು ಚೊಂಬು ನೀರು ಹೊಯ್ದುಕೊಂಡು, ಹೆಗಲ ಮೇಲಿನ ಬೆವರೊರೆಸುವ ಬೈರಾಸಿನ ತುಂಡು ಸುತ್ತಿ, “ಅಡಿಗೆಯವರ ಕಾಲು ಅಂದರೆ ಹೀಗೆ, ನೋಡು, ಕೆಂಡಕ್ಕೂ ಲೆಕ್ಕವಿಲ್ಲ” ಎಂದು ಜಂಬ ಕೊಚ್ಚಿಕೊಂಡೆ. ಪಾಯಸ ಇಳಿಸಿ, ಎರಡು ಪಂಕ್ತಿ ಬಡಿಸಿ, ಪಾತ್ರೆ ತೊಳೆಯಲು ಹಾಕಿಯೇ ಮನೆಗೆ ಹೊರಟೆ. ಹೆಗಲ ಮೇಲೆ ಕೈ ಹಾಕಿ ಮನೆಯ ಯಜಮಾನರು ಬೇರೆ ನಾಲ್ಕು ಜನರ ಎದುರು ನನ್ನನ್ನು ಹೊಗಳಿದರು. ನಾನು ಹಿಗ್ಗಿ ಹೀರೆಕಾಯಿಯಾದೆ.

ಮನೆಯಲ್ಲಿ ಶಾರದೆ, ನನ್ನ ಹೆಂಡತಿ, ಬೈರಾಸು ಬಿಚ್ಚಿ ಕಾಲು ನೋಡಿದಳು. ಅವಳು ಹೊಗಳಲಿಲ್ಲ.

“ಬೇನೆ ಉಂಟಾ?”

“ಇಲ್ಲ ಮಾರಾಯ್ತಿ, ಅದೇ ಚಂದ.”

“ಎಂತ ಚಂದ? ಇಷ್ಟು ಸುಟ್ಟರೆ ಬೇನೆ ಆಗಬೇಡವಾ? ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗುವ. ನೀವು ಬಾರದಿದ್ದರೆ ನಾನು ಒಬ್ಬಳೇ ಹೋಗಿ ಡಾಕ್ಟರನ್ನು ಕರಕೊಂಡು ಬರ್ತೇನೆ.”

ಅವಳು ಕರೆದುಕೊಂಡು ಬರುವವಳೇ. ಅದಕ್ಕೇ ಹೋದೆ.

ನಮ್ಮ ಊರು ಗಡಿಯ ಕೇರಳದ ಬದಿಯದ್ದು, ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಬೋರ್ಡುಗಳೆಲ್ಲ ಮಲಯಾಳದಲ್ಲಿ. ನನಗೆ ಆ ಲಿಪಿ ಅರ್ಧಂಬರ್ಧ ಬರುತ್ತದೆ. ಬೆಂಚಿನಲ್ಲಿ ಕೂತು ಟೋಕನ್ ಕೈಯಲ್ಲಿ ಹಿಡಿದುಕೊಂಡು ಎದುರಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಪ್ರಮೇಹಂ, ಅಂದರೆ ಸಕ್ಕರೆ ಕಾಯಿಲೆ. ಯಾರಿಗೋ ಇರುವ ರೋಗ ಎಂದುಕೊಂಡೆ.

ಪಕ್ಕದಲ್ಲಿ ಬಿಳಿ ಪಂಚೆಯ ಒಬ್ಬರು ಕೂತಿದ್ದರು, ಅಬ್ದುಲ್ಲ ಎಂದು ಹೆಸರು. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದವರು. ಒಂದು ಕಾಲಿಗೆ ಮಾತ್ರ ದೊಡ್ಡ ಚಪ್ಪಲಿ, ಒಳಗೆ ಬ್ಯಾಂಡೇಜು. ನನ್ನ ಕಾಲನ್ನು ನೋಡಿ ತಾವೇ ಮಾತಿಗೆಳೆದರು.

“ಭಟ್ರಿಗೆ ಎಂತ ಆದದ್ದು?”

“ಕೆಂಡ ಮೆಟ್ಟಿದೆ. ಬೇನೆ ಎಂತ ಇಲ್ಲ.”

ಅವರು ನಗಲಿಲ್ಲ. “ನನಗೂ ಇರಲಿಲ್ಲ ಭಟ್ರೇ. ಚಪ್ಪಲಿಯಲ್ಲಿ ಒಂದು ಮೊಳೆ ಇತ್ತು. ಅದರ ಮೇಲೆ ನಾನು ಒಂದು ದಿನ ಇಡೀ ನಡೆದಿದ್ದೇನೆ. ಎರಡು ಬೆರಳು ಹೋಯ್ತು.”

ನನ್ನ ಜಂಬ ಇಳಿದದ್ದು ಆ ಬೆಂಚಿನಲ್ಲಿ. ಆಮೇಲೆ ಟೋಕನ್ನನ್ನು ಮಡಚುತ್ತ ಬಿಡಿಸುತ್ತ ಕೂತೆ. ಶಾರದೆ ನನ್ನ ಮೊಣಕೈ ಹಿಡಿದುಕೊಂಡಳು.

ಡಾಕ್ಟರು ತೆಂಕಣ ಕೇರಳದ ಕಡೆಯ ಚಿಕ್ಕ ಪ್ರಾಯದ ಹೆಂಗಸು. “ವೇದನೆಯುಂಡೋ?” ಎಂದು ಕೇಳಿದರು. “ಇಲ್ಲ” ಎಂದೆ. ಆ ಶಬ್ದ ಎರಡು ಭಾಷೆಗೂ ಒಂದೇ. ಅವರ ಮುಖ ಗಂಭೀರವಾಯಿತು. ಬೆರಳಿಗೆ ಸೂಜಿ ಚುಚ್ಚಿದರು. ಸಕ್ಕರೆ ಮುನ್ನೂರು ದಾಟಿತ್ತು. ಆಮೇಲೆ ನಮ್ಮನ್ನು ಪಕ್ಕದ ಕೋಣೆಗೆ, ನಫೀಸಾ ಸಿಸ್ಟರ ಹತ್ತಿರ ಕಳುಹಿಸಿದರು. ಸಿಸ್ಟರು ಕರಾವಳಿಯ ಬ್ಯಾರಿ ಮನೆತನದವರು, ನಮ್ಮ ಕನ್ನಡವನ್ನು ನಮಗಿಂತ ಚೆನ್ನಾಗಿ ಆಡುತ್ತಾರೆ. ಅವರ ಕೈಯಲ್ಲಿ ಗಾಳದ ದಾರದಂಥ ಒಂದು ತೆಳು ನೂಲು.

“ಕಣ್ಣು ಮುಚ್ಚಿ ಭಟ್ರೇ. ಈ ನೂಲು ಕಾಲಿಗೆ ತಾಗಿದ್ದು ಗೊತ್ತಾದಾಗ ‘ಉಂಟು’ ಅಂತ ಹೇಳಿ. ಅಷ್ಟೇ.”

ಕಣ್ಣು ಮುಚ್ಚಿದೆ. ಕಾದೆ. ಏನೂ ಇಲ್ಲ. ಇನ್ನೂ ಕಾದೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಸ್ಥಿತಿ. ಹಾಗೇ ಬಿಟ್ಟರೆ ಮರ್ಯಾದೆ ಹೋಗುತ್ತದೆ ಎಂದು ಅಂದಾಜಿನಲ್ಲಿ “ಉಂಟು” ಎಂದೆ. ಸ್ವಲ್ಪ ಬಿಟ್ಟು ಮತ್ತೊಮ್ಮೆ “ಉಂಟು, ಉಂಟು” ಎಂದೆ.

“ಭಟ್ರೇ,” ಸಿಸ್ಟರ ಧ್ವನಿ ದೂರದಿಂದ ಬಂತು, “ನಾನು ನೂಲನ್ನು ಮೇಜಿನ ಮೇಲಿಟ್ಟು ಬರೆಯುತ್ತಾ ಇದ್ದೇನೆ.”

ಶಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಹಾಗೆ ಸದ್ದು ಕೇಳಿತು. ಅದು ನಗು ಎಂದು ಭಾವಿಸಿದ್ದೆ. ಕಣ್ಣು ತೆರೆದು ನೋಡಿದರೆ ಅಳುತ್ತಿದ್ದಳು. ಸಿಸ್ಟರು ಮತ್ತೆ ಶುರುಮಾಡಿ ಬಲಗಾಲಿನ ಹತ್ತು ಜಾಗಗಳಲ್ಲಿ ನೂಲು ತಾಗಿಸಿದರು. ನನಗೆ ನಿಜವಾಗಿ ಗೊತ್ತಾದದ್ದು ಮೂರು.

“ಇದು ಎಷ್ಟು ವಾಪಾಸು ಬರುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ,” ಸಿಸ್ಟರು ನೇರವಾಗಿ ಹೇಳಿದರು. “ಆದರೆ ಶುಗರ್ ಹೀಗೇ ಇದ್ದರೆ ಗಾಯ ಮಾಗುವುದಿಲ್ಲ. ಕಾಲು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿ ಉಂಟು.”

ಕಾಲು ಹೋದರೆ ಒಲೆಯ ಎದುರು ನಿಲ್ಲುವುದು ಯಾರು? ನನಗೆ ಬೇರೆ ವಿದ್ಯೆ ಬರುವುದಿಲ್ಲ. ಬರಬೇಕೆಂಬ ಆಸೆಯೂ ಇಲ್ಲ. ನೂರಾರು ಜನರಿಗೆ ಅಡಿಗೆ ಮಾಡಿ, ಎಲೆ ಖಾಲಿಯಾಗುವುದನ್ನು ಕಂಬದ ಮರೆಯಲ್ಲಿ ನಿಂತು ನೋಡುವ ಸುಖ ಇದೆಯಲ್ಲ, ಅದೊಂದಕ್ಕಾಗಿ ನಾನು ಬದುಕಿದವನು. ಆ ದಿನ ಮನೆಗೆ ಬಂದು ಜಗಲಿಯಲ್ಲಿ ಕೂತು ನನ್ನ ಎರಡು ಪಾದಗಳನ್ನು ಬಹಳ ಹೊತ್ತು ನೋಡಿದೆ. ಐವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವುಗಳ ಮೇಲೆ ಪ್ರೀತಿ ಬಂತು.

ಸರಿ, ಇನ್ನು ಪಥ್ಯ. ಇಲ್ಲಿ ನಾವು ಮಾಡಿದ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಲು ಸಾಧ್ಯ. ನಮ್ಮಲ್ಲಿ ಜ್ವರ ಬಂದರೆ ಗಂಜಿ, ಹೊಟ್ಟೆ ಕೆಟ್ಟರೆ ಗಂಜಿ, ಹೆರಿಗೆಯಾದರೆ ಗಂಜಿ. ರೋಗಿ ಎಂದ ಮೇಲೆ ಗಂಜಿ. ಶಾರದೆ ಮರುದಿನದಿಂದಲೇ ದೋಸೆ, ಕಾಫಿಯ ಸಕ್ಕರೆ, ಬಾಳೆಹಣ್ಣಿನ ಹಲ್ವ ಎಲ್ಲ ಬಂದ್ ಮಾಡಿ ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟಳು. ನಾನು ಮಹಾತ್ಯಾಗಿಯ ಹಾಗೆ ಬಟ್ಟಲು ಬಟ್ಟಲು ಕುಡಿದೆ. ಗಾಯಕ್ಕೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಹೊತ್ತಿಗೆ ಸರಿಯಾಗಿ ಮಾತ್ರೆ, ಊಟಕ್ಕೆ ಬರೀ ಗಂಜಿ. ಎರಡು ವಾರ ಕಳೆದು ಪರೀಕ್ಷೆ ಮಾಡಿದರೆ ಸಕ್ಕರೆ ಇಳಿದದ್ದು ತೀರಾ ಸ್ವಲ್ಪ.

“ಎಂತ ತಿಂತೀರಿ?” ಸಿಸ್ಟರು ಕೇಳಿದರು.

“ಎಂತದ್ದೂ ತಿನ್ನುವುದಿಲ್ಲ. ಬರೀ ಗಂಜಿ,” ಎಂದಳು ಶಾರದೆ ಹೆಮ್ಮೆಯಿಂದ.

ಸಿಸ್ಟರು ಹಣೆಗೆ ಕೈ ಹಚ್ಚಿಕೊಂಡರು. “ಅಯ್ಯೋ ಅಕ್ಕಾ! ಅದು ಅನ್ನವೇ ಅಲ್ವಾ? ಅದೂ ಬೆಂದು ಕರಗಿದ ಅನ್ನ!”

ಗೋಡೆಯಲ್ಲಿ ಒಂದು ಚಿತ್ರ ಇತ್ತು. ಉರುಟು ತಟ್ಟೆ, ಅರ್ಧ ತರಕಾರಿ, ಉಳಿದದ್ದರಲ್ಲಿ ಸ್ವಲ್ಪ ಅನ್ನ, ಸ್ವಲ್ಪ ಬೇಳೆಕಾಳು. ನನಗೆ ತಲೆಗೆ ಹೋಗಲಿಲ್ಲ. ನಾನು ಹುಟ್ಟಿನಿಂದ ಬಾಳೆ ಎಲೆಯಲ್ಲಿ ಉಂಡವನು. ಹಾಗೆಂದು ಹೇಳಿದೆ. ಸಿಸ್ಟರು ಚಿತ್ರ ಬಿಟ್ಟು ನನ್ನ ಕಡೆಗೆ ತಿರುಗಿದರು.

“ಹಾಗಾದರೆ ಎಲೆಯಲ್ಲೇ ಹೇಳುವ. ಪಲ್ಯ, ಕೋಸಂಬರಿ ಎಲ್ಲ ಎಲ್ಲಿ ಬಡಿಸುವುದು?”

“ಎಲೆಯ ಮೇಲ್ಗಡೆ, ಚಿಟಿಕೆ ಚಿಟಿಕೆ.”

“ಅನ್ನ?”

“ನಡುವಿಗೆ. ರಾಶಿ.”

“ಇನ್ನು ಅದನ್ನು ಅಡಿಮೇಲು ಮಾಡಿ ಭಟ್ರೇ. ಪಲ್ಯ ನಡುವಿಗೆ ರಾಶಿ, ಅನ್ನ ಮೇಲ್ಗಡೆಗೆ ಚಿಟಿಕೆ.”

ಆಹಾ! ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಪಥ್ಯ ಎಂದರೆ ಬಾಯಿ ಕಟ್ಟುವುದು ಎಂದುಕೊಂಡಿದ್ದೆನಲ್ಲ, ಇದು ಬಡಿಸುವ ಕ್ರಮ ಬದಲಿಸುವ ಸಂಗತಿ! ಬಡಿಸುವುದರಲ್ಲಿ ನನ್ನನ್ನು ಸೋಲಿಸುವವರು ಯಾರಿದ್ದಾರೆ? ಆ ಸಂಜೆ ಕುಂಟುತ್ತಲೇ ಹಿತ್ತಿಲಿಗೆ ಹೋಗಿ ಬಸಳೆ, ಹರಿವೆ, ನುಗ್ಗೆಸೊಪ್ಪು, ಒಂದೆಲಗ ಕಂಡದ್ದನ್ನೆಲ್ಲ ಕೊಯ್ದು ತಂದೆ. ಬಾಳೆದಿಂಡಿನ ಪಲ್ಯಕ್ಕೆ ಹೆಸರುಕಾಳು ಸೇರಿಸಿದೆ. ಹಾಗಲಕಾಯಿಗೆ ಬೆಲ್ಲ ಹಾಕದೆ ಹುರಿದು ಮೊಸರು ಬೆರೆಸಿದೆ. ಒಂದೆಲಗದ ತಂಬುಳಿ ಮಾಡಿದೆ. ನೂರಾರು ಜನರಿಗೆ ಅಡಿಗೆ ಮಾಡಿದ ಕೈ ಮೊದಲ ಸಲ ಒಬ್ಬ ಗಣಪತಿ ಭಟ್ಟನಿಗಾಗಿ ಅಡಿಗೆ ಮಾಡಿತು. ಶಾರದೆ ಎಲೆ ಹಾಕಿ, ಅನ್ನವನ್ನು ಉಪ್ಪಿನಕಾಯಿ ಬಡಿಸುವಷ್ಟು ಮೇಲ್ಗಡೆಗೆ ಬಡಿಸಿ, “ಸಾಕಾ ಭಟ್ರೇ?” ಎಂದು ತಮಾಷೆ ಮಾಡಿದಳು. ಇಬ್ಬರೂ ನಕ್ಕೆವು. ಎಷ್ಟೋ ದಿನಗಳ ನಂತರ ಮನೆಯಲ್ಲಿ ನಗು ಕೇಳಿಸಿತು.

ಸಕ್ಕರೆ ಇಳಿಯತೊಡಗಿತು. ಗಾಯದ ಅಂಚು ಕೆಂಪಾಗಿ, ಆಮೇಲೆ ಗುಲಾಬಿಯಾಗಿ, ನಿಧಾನಕ್ಕೆ ಕೂಡಿಕೊಂಡು ಬಂತು. ದಿನವೂ ಸಂಜೆ ಶಾರದೆ ನನ್ನ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತಿದ್ದಳು. “ಮದುವೆಯ ದಿನ ಸಹ ನೀವು ಇಷ್ಟು ಕನ್ನಡಿ ನೋಡಿರಲಿಕ್ಕಿಲ್ಲ,” ಎಂದು ಅವಳ ಟೀಕೆ. ಎರಡು ತಿಂಗಳಿಗೆ ಗಾಯ ಪೂರ್ತಿ ಮಾಗಿತು. ಡಾಕ್ಟರು ತಲೆಯಾಡಿಸಿದರು. ನಾನು ಆಸ್ಪತ್ರೆಯ ಮೆಟ್ಟಿಲಲ್ಲೇ ಈಶ್ವರನಿಗೆ ಫೋನ್ ಮಾಡಿ, “ಇನ್ನು ಮುಂದಿನ ಎಲ್ಲ ಊಟಕ್ಕೂ ನಾನುಂಟು!” ಎಂದು ಬೊಬ್ಬೆ ಹೊಡೆದೆ.

ಮದುವೆಯ ಕಾಲ. ಒಂದರ ಹಿಂದೆ ಒಂದು ಊಟ. ಬರಿಗಾಲಲ್ಲಿ ನಡೆಯಬಾರದು ಎಂದು ಸಿಸ್ಟರ ಕಟ್ಟುನಿಟ್ಟು. ಹಾಗೆಂದು ಚಪ್ಪಲಿ ಹಾಕಿ ಅಡಿಗೆ ಕೋಣೆಗೆ ಹೋಗುವುದು ನಮ್ಮಲ್ಲಿ ಉಂಟಾ? ಅದಕ್ಕಾಗಿ ದಪ್ಪ ಅಡಿಯ ಮುಚ್ಚಿದ ಜೋಡೊಂದನ್ನು ಅಡಿಗೆ ಕೋಣೆಗೆಂದೇ ತೆಗೆದು, ತೊಳೆದು, ಬೇರೆ ಚೀಲದಲ್ಲಿ ಒಯ್ಯುತ್ತಿದ್ದೆ. ಮದುವೆ ಹಾಲ್‌ಗಳಲ್ಲಿ ಒಪ್ಪಿಕೊಂಡರು. ದೇವಸ್ಥಾನದ ಅಡಿಗೆಗೆ ಮಾತ್ರ ನಾನೇ ಹೋಗುವುದನ್ನು ಬಿಟ್ಟೆ. ಆ ಒಂದು ಬೇಸರ ಈಗಲೂ ಇದೆ.

ಊಟದ ಮನೆಗಳಲ್ಲಿ ನಾನು ತಿನ್ನುತ್ತಿರಲಿಲ್ಲ. ಇದು ನಿಜ. ಅಡಿಗೆಯವರು ಪಂಕ್ತಿಯಲ್ಲಿ ಕೂರುವುದೇ ಇಲ್ಲ. ಎಲ್ಲ ಮುಗಿದ ಮೇಲೆ ನನ್ನ ಚೀಲದಿಂದ ಮನೆಯ ಪಲ್ಯದ ಡಬ್ಬಿ ತೆಗೆದು ಉಣ್ಣುತ್ತಿದ್ದೆ. ಲಾಡು ನೋಡಿದರೂ ಮುಖ ತಿರುಗಿಸುತ್ತಿದ್ದೆ. ಅಷ್ಟೆಲ್ಲ ಮಾಡಿ, ಮುಂದಿನ ಪರೀಕ್ಷೆಗೆ ಹುಮ್ಮಸ್ಸಿನಿಂದ ಹೋದರೆ, ಸಕ್ಕರೆ ಮತ್ತೆ ಮೇಲೆ! ಮೊದಲಿನ ಹತ್ತಿರ ಹತ್ತಿರ!

ಡಾಕ್ಟರು ಮಲಯಾಳದಲ್ಲಿ ಏನೋ ಹೇಳಿದರು. ನಫೀಸಾ ಸಿಸ್ಟರು ಅದನ್ನು ಹೇಳಲು ಸ್ವಲ್ಪ ತಡಮಾಡಿದರು.

“ಮನೆಯಲ್ಲಿದ್ದಾಗ ಇಳಿದದ್ದು, ಕೆಲಸಕ್ಕೆ ಹೋದ ಮೇಲೆ ಏರಿತು. ಈ ಕೆಲಸ ಬಿಡಲಿಕ್ಕೆ ಆಗುತ್ತದಾ ಅಂತ ಕೇಳ್ತಿದ್ದಾರೆ.”

“ನಾನು ಎಂತದ್ದೂ ತಿನ್ನುವುದಿಲ್ಲ ಸಿಸ್ಟರೇ! ದೇವರಾಣೆ!”

ಅವರು ನಂಬಿದರೋ ಇಲ್ಲವೋ. ಬಸ್ಸಿನಲ್ಲಿ ಶಾರದೆಯೂ ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ಬಂತು, ಭಯವೂ ಬಂತು. ಇಷ್ಟು ಮಾಡಿಯೂ ಕಾಲು ಹೋಗುವುದಾದರೆ ಯಾಕೆ ಮಾಡಬೇಕು? ಆ ರಾಗವನ್ನು ನಾಲ್ಕು ದಿನ ಎಳೆದೆ. ಪಲ್ಯದ ಮೇಲೂ ಸಿಟ್ಟು, ಕನ್ನಡಿಯ ಮೇಲೂ ಸಿಟ್ಟು.

ಗುಟ್ಟು ಬಿಡಿಸಿದ್ದು ಇರುವೆಗಳು.

ಐದನೆಯ ದಿನ ಒಂದು ಮದುವೆಯ ಊಟ ಮುಗಿಸಿ ಬಂದು, ಬೈರಾಸನ್ನು ಬಾವಿಕಟ್ಟೆಯ ಹತ್ತಿರ ಹಾಕಿ ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬಂದಾಗ ಶಾರದೆ ಬೈರಾಸಿನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅದರ ತುಂಬ ಇರುವೆ. ಸಾಲುಗಟ್ಟಿ ಬರುತ್ತಿದ್ದವು.

“ಸಿಹಿ ಮುಟ್ಟದವರ ಬೈರಾಸಿಗೆ ಇರುವೆ ಎಂತಕ್ಕೆ ಬಂತು?”

“ಅದು ಕೈ ಒರೆಸಿದ್ದು ಮಾರಾಯ್ತಿ. ಪಾಯಸದ ರುಚಿ ನೋಡುವಾಗ ಅಂಗೈಗೆ ಹೊಯ್ದುಕೊಳ್ಳುವುದಲ್ವಾ? ಅದನ್ನು ಒರೆಸಿದ್ದು.”

“ರುಚಿ ನೋಡಿದ್ದು ಎಲ್ಲಿಗೆ ಹೋಯ್ತು?”

“ಎಲ್ಲಿಗೆ ಅಂದ್ರೆ?”

“ಅಂಗೈಯಲ್ಲಿದ್ದದ್ದು ಎಲ್ಲಿಗೆ ಹೋಯ್ತು ಅಂತ ಕೇಳಿದ್ದು.”

ನಾನು ನನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡೆ. ನನ್ನ ಅಷ್ಟು ವರ್ಷಗಳ ಕೆಲಸದಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬೇರೆಯವರಿಗೆ ಅರ್ಥವಾಗಲೆಂದು ಹೇಳುತ್ತೇನೆ: ನಾವು ಅಡಿಗೆಯವರು ಸಟ್ಟುಗವನ್ನು ಬಾಯಿಗೆ ತಾಗಿಸುವುದಿಲ್ಲ, ಎಂಜಲಾಗುತ್ತದೆ. ಸಟ್ಟುಗದಿಂದ ಅಂಗೈಯ ಗುಳಿಗೆ ಸ್ವಲ್ಪ ಹೊಯ್ದುಕೊಂಡು ಹೀರುತ್ತೇವೆ, ಕೈಯನ್ನು ಬೈರಾಸಿಗೆ ಒರೆಸಿ ತೊಳೆಯುತ್ತೇವೆ. ಅದನ್ನು ನಾವು ಯಾರೂ ತಿನ್ನುವುದು ಎಂದು ಹೇಳುವುದಿಲ್ಲ. ಅದು ಕೆಲಸ. ಕೊಡಪಾನ ತೊಳೆದ ಹಾಗೆ, ತೆಂಗಿನಕಾಯಿ ತುರಿದ ಹಾಗೆ. ನಾನು ಸಿಸ್ಟರ ಹತ್ತಿರ ದೇವರಾಣೆ ಹಾಕಿದ್ದು ಸುಳ್ಳಾಗಿರಲಿಲ್ಲ, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

“ಒಂದು ಚಿಟಿಕೆ ಮಾರಾಯ್ತಿ, ಅಷ್ಟರಿಂದ ಎಂತ ಆಗುತ್ತದೆ?” ಎಂದೆ, ಮೆತ್ತಗೆ.

“ಅಳೆದು ನೋಡಿ,” ಎಂದಳು ಶಾರದೆ.

ಅಳೆದೆವು! ಮುಂದಿನ ಊಟ ಕುಂಜತ್ತೂರಿನ ಒಂದು ಹಾಲ್‌ನಲ್ಲಿ. ಈಶ್ವರನಿಗೆ ಒಂದು ಹಿತ್ತಾಳೆಯ ಚೊಂಬು ಕೊಟ್ಟು ಹೇಳಿದೆ, “ನಾನು ಇವತ್ತು ಎಂತ ಸಿಹಿಯ ರುಚಿ ನೋಡಿದರೂ ಅಷ್ಟೇ ಇದರಲ್ಲಿಯೂ ಹೊಯ್ಯಬೇಕು. ದಾಕ್ಷಿಣ್ಯ ಮಾಡಬೇಡ.” ಈಶ್ವರನಿಗೆ ಇದು ಭಾರಿ ಖುಷಿಯ ಕೆಲಸವಾಯಿತು. ಚೊಂಬನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು ನನ್ನ ಹಿಂದೆ ಹಿಂದೆ ಬಂದ. ಪಾಯಸಕ್ಕೆ ಬೆಲ್ಲ ಹಾಕಿದೆ, ಅಂಗೈಗೆ ಹೊಯ್ದೆ, ಚೊಂಬಿಗೂ ಬಿತ್ತು. ಎರಡನೆಯ ಹಿಂಡಿನ ತೆಳು ತೆಂಗಿನ ಹಾಲು ಹೊಯ್ದೆ, ಅಂಗೈ, ಚೊಂಬು. ಬೆಲ್ಲ ಸಾಲದು ಅನಿಸಿತು, ಅಂಗೈ, ಚೊಂಬು. ಮೊದಲ ಹಿಂಡಿನ ದಪ್ಪ ಹಾಲು, ಏಲಕ್ಕಿ, ಇಳಿಸುವ ಮೊದಲು, ಇಳಿಸಿದ ಮೇಲೆ. ನಡುವೆ ಮದುವೆ ಮನೆಯವರು ಬಂದು “ಹೇಗಾಗಿದೆ ಭಟ್ರೇ?” ಎಂದಾಗ ಸುಮ್ಮನೆ ಇನ್ನೊಮ್ಮೆ. ಅನಾನಸಿನ ಮೆಣಸ್ಕಾಯಿಗೆ ಬೆಲ್ಲ, ಸಾಂಬಾರಿಗೆ ಬೆಲ್ಲ, ಸಾರಿಗೆ ಸಹ ಬೆಲ್ಲ. ನಮ್ಮ ಕಡೆ ಯಾವ ಪದಾರ್ಥಕ್ಕೆ ಬೆಲ್ಲವಿಲ್ಲ ಹೇಳಿ! ಹೋಳಿಗೆಯ ಹೂರಣ ಬೇರೆ.

ಎಲೆ ಹಾಕುವ ಹೊತ್ತಿಗೆ ಈಶ್ವರ ಬಂದು ನನ್ನ ಎದುರು ನಿಂತ. ಮುಖದಲ್ಲಿ ನಗು ಇರಲಿಲ್ಲ.

“ಗಣಪಣ್ಣ, ಚೊಂಬು ತುಂಬಿ ಮತ್ತೊಂದು ತೆಗೆದೆ. ಅದರಲ್ಲಿಯೂ ಅರ್ಧ ಉಂಟು.”

ಒಂದೂವರೆ ಚೊಂಬು ಸಿಹಿ! ಪಂಕ್ತಿಯಲ್ಲಿ ಕೂತ ಪಾಯಸಪ್ರಿಯರು ಯಾರೂ ಅಷ್ಟು ಕುಡಿಯಲಾರರು. ನಾನು ಅದನ್ನು ಮೂವತ್ತು ವರ್ಷ, ವಾರಕ್ಕೆ ಮೂರು ನಾಲ್ಕು ದಿನ, ಏನೂ ತಿಂದಿಲ್ಲ ಎಂದುಕೊಂಡು ಕುಡಿದಿದ್ದೆ. ನನಗೆ ಅಳು ಬರಬೇಕಿತ್ತು. ಬಂದದ್ದು ನಗು. ತಡೆಯಲಾಗದಷ್ಟು ನಗು. ಕಳ್ಳ ಸಿಕ್ಕಿಬಿದ್ದಿದ್ದನಲ್ಲ! ಕಾಲು ಹೋಗಬೇಕಾಗಿಲ್ಲ, ಕೆಲಸವೂ ಬಿಡಬೇಕಾಗಿಲ್ಲ, ಬಿಡಬೇಕಾದದ್ದು ಅಂಗೈಯ ಗುಳಿಯನ್ನು ಮಾತ್ರ! ಹಾಲ್‌ನ ಹಿಂದಿನ ಅಂಗಳದಲ್ಲಿ ನಿಂತು ಶಾರದೆಗೆ ಫೋನ್ ಮಾಡಿದೆ. “ಒಂದೂವರೆ ಚೊಂಬು!” ಎಂದು ಕೂಗಿದ ರಭಸಕ್ಕೆ ಕೈ ತೊಳೆಯುತ್ತಿದ್ದ ನೆಂಟರು ತಿರುಗಿ ನೋಡಿದರು.

ಆದರೆ ರುಚಿ ನೋಡದೆ ಪಾಯಸ ಮಾಡುವುದು ಹೇಗೆ? ಈಶ್ವರನಿಗೆ ಉಪ್ಪು, ಹುಳಿ, ಖಾರದ ನಾಲಗೆ ಚೆನ್ನಾಗಿದೆ. ಅದನ್ನು ಪೂರ್ತಿ ಅವನಿಗೆ ಒಪ್ಪಿಸಿದೆ. ಸಿಹಿಯ ಮಟ್ಟಿಗೆ ಅವನನ್ನು ನಂಬುವ ಹಾಗಿಲ್ಲ, ಎಷ್ಟು ಬೆಲ್ಲ ಹಾಕಿದರೂ ಅವನಿಗೆ ಸಾಲದು. ಎರಡು ದಿನ ಇದೇ ಚಿಂತೆ. ಮೂರನೆಯ ದಿನ ಹಲ್ಲುಜ್ಜುವಾಗ ಮಾವನ ನೆನಪಾಯಿತು.

ನನ್ನ ಸೋದರಮಾವ ಎಡನೀರಿನ ಕಡೆ ಒಂದು ಸಣ್ಣ ದೇವಸ್ಥಾನದಲ್ಲಿ ಅಡಿಗೆಗಿದ್ದವರು. ಹದಿನಾರನೆಯ ವರ್ಷಕ್ಕೆ ನಾನು ಕೆಲಸ ಕಲಿಯಲು ಸೇರಿದ್ದು ಅವರ ಬಳಿಗೇ. ದೇವರ ನೈವೇದ್ಯವನ್ನು ಯಾರಾದರೂ ಮೊದಲು ರುಚಿ ನೋಡುತ್ತಾರೆಯೇ? ಮಾವ ಎಷ್ಟೋ ವರ್ಷ ಪಾಯಸ ಮಾಡಿದರು, ಒಂದು ಹನಿಯನ್ನೂ ಮೊದಲು ನಾಲಗೆಗೆ ಹಾಕಲಿಲ್ಲ. ಒಂದೇ ಒಂದು ದಿನ ಸಿಹಿ ತಪ್ಪಲಿಲ್ಲ. ನಾನು ಕಳ್ಳತನದಿಂದ ಅಂಗೈ ಚಾಚಿದಾಗ ಮಣಿಗಂಟಿಗೆ ಸಟ್ಟುಗದಲ್ಲಿ ಹೊಡೆದಿದ್ದರು. “ದೇವರಿಗಿಂತ ಮೊದಲು ನೀನು ಉಣ್ಣುವುದಾ? ಕಿವಿ ಕೊಟ್ಟು ಕೇಳು ಮಾರಾಯ, ಬೆಲ್ಲ ಸರಿಯಾದಾಗ ಕುದಿಯುವ ಶಬ್ದವೇ ಬೇರೆ,” ಎಂದಿದ್ದರು. ಸಟ್ಟುಗದ ಬೆನ್ನಿಗೆ ಎಷ್ಟು ದಪ್ಪ ಹಿಡಿಯಬೇಕು, ಬಣ್ಣ ಎಲ್ಲಿಗೆ ನಿಲ್ಲಬೇಕು, ಗುಳ್ಳೆ ಎಷ್ಟು ದೊಡ್ಡದಾಗಿ ಎಷ್ಟು ನಿಧಾನ ಒಡೆಯಬೇಕು, ಎಲ್ಲ ಕಲಿಸಿದ್ದರು. ಊಟದ ಅಡಿಗೆಗೆ ಬಂದ ಮೇಲೆ ನಾನು ಸೋಮಾರಿಯಾದೆ. ಅಂಗೈ ಇದೆಯಲ್ಲ ಎಂದು ಕಣ್ಣು ಕಿವಿಗಳಿಗೆ ರಜೆ ಕೊಟ್ಟುಬಿಟ್ಟೆ.

ಮನೆಯಲ್ಲಿ ಸಣ್ಣ ಪಾತ್ರೆಯಲ್ಲಿ ಅಭ್ಯಾಸ ಶುರುವಾಯಿತು. ನಾನು ಮಾಡುವುದು, ಶಾರದೆ ಎರಡು ಚಮಚ ತಿಂದು ತೀರ್ಪು ಕೊಡುವುದು. ಮೊದಲ ದಿನ “ಇದು ಪಾಯಸವಾ, ಬೇಳೆ ಕಟ್ಟಾ?” ಎಂದಳು. ಎರಡನೆಯ ದಿನ ಗಂಟಲು ಕಟ್ಟುವಷ್ಟು ಸಿಹಿ. ಒಂದು ವಾರಕ್ಕೆ ನನ್ನ ಕಿವಿಗೆ ಮಾವನ ಶಬ್ದ ಸಿಕ್ಕಿತು. ಗಳಗಳ ಎನ್ನುತ್ತಿದ್ದದ್ದು ತಟ್ಟನೆ ಗಂಭೀರವಾಗಿ ಗುಳುಂ, ಗುಳುಂ ಎನ್ನತೊಡಗಿತು. ನಾನು ಒಲೆಯ ಎದುರು ಕುಣಿದೇಬಿಟ್ಟೆ. ಜೋಡು ಹಾಕಿಕೊಂಡೇ ಕುಣಿದೆ, ಸಿಸ್ಟರಿಗೆ ಹೇಳಬೇಕು.

ರುಚಿ ನೋಡದೆ ಮಾಡಿದ ಮೊದಲ ದೊಡ್ಡ ಪಾಯಸ ಬಾಯಾರಿನ ಒಂದು ಉಪನಯನದ್ದು. ಮುನ್ನೂರು ಎಲೆ. ಕೈ ಅಭ್ಯಾಸಬಲದಿಂದ ತಾನಾಗಿ ಗುಳಿಯಾಗಿ ಸಟ್ಟುಗದ ಕೆಳಗೆ ಹೋಗುತ್ತಿತ್ತು. ಈಶ್ವರ “ಹ್ಞಾಂ!” ಎನ್ನುತ್ತಿದ್ದ, ನಾನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಪಾಯಸ ಬಡಿಸಲು ಹೊರಟಾಗ ನಾನು ಕಂಬದ ಮರೆಗೆ ನಿಂತೆ. ಸಾರಿಗೆ ಉಪ್ಪು ಇರಲಿಲ್ಲ ಎಂದು ಆಗಲೇ ಗದ್ದಲವಾಗಿತ್ತು. ಗಣಪಣ್ಣ ಹಾಕಿದ್ದಾರೆ ಎಂದು ಈಶ್ವರ, ಈಶ್ವರ ಹಾಕಿದ್ದಾನೆ ಎಂದು ನಾನು, ಇಬ್ಬರೂ ಬಿಟ್ಟಿದ್ದೆವು. ಅದರ ಮೇಲೆ ಪಾಯಸವೂ ಕೆಟ್ಟರೆ ಮುಗಿಯಿತು.

ಮೊದಲ ಎಲೆಯಲ್ಲಿ ಒಬ್ಬ ಅಜ್ಜ. ಪಾಯಸವನ್ನು ಸುರಿದು, ಕೈ ನೆಕ್ಕಿ, ಬಡಿಸುವವನನ್ನು ಕರೆದರು. ನಾನು ಕಂಬದ ಮರೆಯಿಂದ ಅರ್ಧ ಮುಖ ಹೊರಗೆ ಹಾಕಿದೆ. ಅಜ್ಜ ಎಲೆ ತೋರಿಸಿ, “ಇನ್ನೊಂದು ಸಟ್ಟುಗ ಹಾಕು ಮಾರಾಯ,” ಎಂದರು. ಮೂರು ಸಲ ಹಾಕಿಸಿಕೊಂಡರು. ಉರುಳಿ ಖಾಲಿ! ಬಗ್ಗಿ ನೋಡಿದರೆ ತಳದ ಹೊಳಪು ಕಾಣುತ್ತಿತ್ತು. ಈಶ್ವರ ನನ್ನ ಬೆನ್ನಿಗೆ ಗುದ್ದಿದ ಗುದ್ದಿಗೆ ನಾನು ಕಂಬಕ್ಕೆ ಹಣೆ ಹೊಡೆಸಿಕೊಂಡೆ. ಆ ನೋವು ಮಾತ್ರ ಚೆನ್ನಾಗಿ ಗೊತ್ತಾಯಿತು.

ಆಮೇಲಿನ ತಿಂಗಳುಗಳ ಕತೆ ಉದ್ದ ಮಾಡುವುದಿಲ್ಲ. ಎಲೆಯ ಅಡಿಮೇಲು ಮುಂದುವರಿಯಿತು, ಮಾತ್ರೆಯೂ, ಸಂಜೆಯ ನಡಿಗೆಯೂ, ಕನ್ನಡಿಯೂ. ಸಕ್ಕರೆ ಇಳಿದು ನಿಂತಿತು. ಡಾಕ್ಟರು ರಿಪೋರ್ಟು ನೋಡಿ ಮಲಯಾಳದಲ್ಲಿ ಹೇಳಿದ ಮಾತಿಗೆ ಅನುವಾದ ಬೇಕಾಗಲಿಲ್ಲ, ಮುಖವೇ ಹೇಳಿತು. ಮೊದಲ ಬಾರಿಗೆ ಆಸ್ಪತ್ರೆಗೆ ಬಂದು ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ನಫೀಸಾ ಸಿಸ್ಟರು ಮತ್ತೆ ಆ ನೂಲು ತೆಗೆದರು.

“ಈ ಸಲ ಮೇಜಿನ ಮೇಲೆ ಇಡುವುದಿಲ್ಲ ಭಟ್ರೇ. ನೀವೂ ಅಂದಾಜು ಹೇಳಬೇಡಿ.”

ಕಣ್ಣು ಮುಚ್ಚಿದೆ. ಸುಳ್ಳು ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿದೆ. ಹೊರಗೆ ಟೋಕನ್ ಕರೆಯುವ ದನಿ. ಏನೂ ಇಲ್ಲ. ಶಾರದೆಯ ಬಳೆಯ ಸದ್ದು. ಇನ್ನೂ ಏನೂ ಇಲ್ಲ. ಬಾಯಿಯವರೆಗೆ ಬಂದ ‘ಉಂಟು’ವನ್ನು ನುಂಗಿದೆ. ಆಗ ಎಲ್ಲಿಯೋ ಬಲು ದೂರದಲ್ಲಿ, ಹೆಬ್ಬೆರಳಿನ ತುದಿಯಲ್ಲಿ, ಇರುವೆಯೊಂದು ಕಾಲಿಟ್ಟ ಹಾಗೆ.

“ಉಂಟು!”

ನನ್ನ ಬೊಬ್ಬೆಗೆ ಬೆಂಚಿನ ಜನ ಬಾಗಿಲಲ್ಲಿ ಇಣುಕಿದರು. ಕಣ್ಣು ತೆರೆದೆ. ನೂಲು ನಿಜವಾಗಿಯೂ ಅಲ್ಲಿತ್ತು, ಬೆರಳ ತುದಿಯಲ್ಲಿ ಬಾಗಿಕೊಂಡು ನಿಂತಿತ್ತು. ಸಿಸ್ಟರ ಕಣ್ಣಲ್ಲಿ ನೀರು. ಹತ್ತೂ ಜಾಗ ಮುಗಿಸುವಾಗ ಆರು ಗೊತ್ತಾಗಿತ್ತು. ಸುಟ್ಟ ಕಲೆಯ ಮೇಲೆ ತಾಗಿಸಿದ್ದು ಗೊತ್ತಾಗಲಿಲ್ಲ. ಅದು ಬರಲಿಕ್ಕಿಲ್ಲ ಎಂದರು. ಬಾರದಿದ್ದರೆ ಬೇಡ, ಆರು ಇದೆಯಲ್ಲ.

ಆ ದಿನ ಬಸ್ಸಿಗೆ ನಡೆಯುವಾಗ ನಾನು ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟೆ.

“ಎಂತ ಆಯ್ತು?” ಶಾರದೆ ಗಾಬರಿಯಿಂದ ಕೇಳಿದಳು.

“ಚಪ್ಪಲಿಯಲ್ಲಿ ಎಂತದೋ ಚುಚ್ಚುತ್ತಾ ಉಂಟು ಮಾರಾಯ್ತಿ.”

ಅವಳು ಬಗ್ಗಿ ಚಪ್ಪಲಿ ಬಿಚ್ಚಿಸಿ ಕೊಡವಿದಳು. ಮೆಂತೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಲ್ಲು ಬಿತ್ತು. ಇಬ್ಬರೂ ಅದನ್ನೇ ನೋಡಿದೆವು. ಅಬ್ದುಲ್ಲರ ಚಪ್ಪಲಿಯ ಮೊಳೆ ಇಬ್ಬರಿಗೂ ನೆನಪಾಗಿರಬೇಕು.

“ಬೇನೆ ಆಯ್ತಾ?” ಅವಳು ಮೆತ್ತಗೆ ಕೇಳಿದಳು.

“ಆಯ್ತು! ಲಾಯ್ಕ ಬೇನೆ ಆಯ್ತು!”

ಶಾರದೆ ಆ ಕಲ್ಲನ್ನು ಹೆಕ್ಕಿ ಸೆರಗಿನಲ್ಲಿ ಒರೆಸಿದಳು. ನಾನು ಕೈ ಚಾಚಿದೆ. ಅಷ್ಟು ವರ್ಷ ಪಾಯಸ ಹೊಯ್ದುಕೊಂಡ ಅಂಗೈಯ ಗುಳಿಯಲ್ಲಿ ಅವಳು ಅದನ್ನು ಇಟ್ಟಳು, ಬಸ್ಸು ಬರುವವರೆಗೂ ನಾವು ಅದನ್ನು ನೋಡುತ್ತ ನಿಂತೆವು.